ಒಂದೇ ಥರದ ಎರಡು ಎಲೆ

ಮೂರನೇ ಸಲ ಬಸ್ಸಿಳಿದು ಸೋದರತ್ತೆಯ ಮನೆ ಮೆಟ್ಟಿಲು ಹತ್ತುವಾಗ ಅವಳಿಗೆ ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತ್ತು. ಸಸ್ಯ ಸಂಗ್ರಹಾಲಯದಲ್ಲಿ ಅವಳ ಕೆಲಸವೇನು ಮಹಾ? ಒಣಗಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಕೆಳಗೆ ಹೆಸರು, ಜಾಗ, ಉಪಯೋಗ ಬರೆಯುವುದು. ಹದಿನೇಳು ವರ್ಷದಿಂದ ಅದೇ ಗೋಂದು, ಅದೇ ಹಾಳೆ. ಒಂದು ಹಾಳೆ ಮಾತ್ರ ಅವಳ ಪ್ರಾಣ ತಿನ್ನುತ್ತಿತ್ತು. ಅತ್ತೆಯೂರಿನ ಈ ಗುಡ್ಡ ಬಿಟ್ಟರೆ ಭೂಮಿಯ ಮೇಲೆ ಬೇರೆಲ್ಲೂ ಬೆಳೆಯದ ಗಿಡ ಅದು. ಅದನ್ನು ಗುರುತಿಸಿ ಮದ್ದಾಗಿ ಬಳಸುವ ಬಗೆ ಬಲ್ಲವಳು ಅತ್ತೆ ಒಬ್ಬಳೇ. ಅತ್ತೆಗೋ ಎಂಬತ್ತು ದಾಟಿತ್ತು. ಅವಳು ಹೋದರೆ ಹಾಳೆಯಲ್ಲಿ ಉಪಯೋಗದ ಸಾಲು ಖಾಲಿಯೇ.

ಬಾಗಿಲಲ್ಲಿ ದರ್ಜಿ ನಿಂತಿದ್ದ, ಕಾಲಿನ ಹುಣ್ಣಿಗೆ ಬಟ್ಟೆ ಸುತ್ತಿಕೊಂಡು.

"ಮದ್ದು ಮುಗಿದಿದೆ, ಆಸ್ಪತ್ರೆಗೆ ಹೋಗಪ್ಪ," ಅಂದಳು ಅತ್ತೆ.

"ಗುಡ್ಡದ ತುಂಬ ಗಿಡ ಇದೆಯಲ್ಲಮ್ಮ! ಇಷ್ಟು ಜಿಪುಣತನ ಯಾಕೋ," ಅಂತ ಗೊಣಗುತ್ತ ಅವನು ಕುಂಟಿಕೊಂಡು ಹೋದ.

ಅವಳಿಗೆ ಸಿಟ್ಟು ನೆತ್ತಿಗೇರಿತು. "ಅಲ್ಲ ಅತ್ತೆ, ಎಂಟು ತಿಂಗಳಿಂದ ಯಾರಿಗೂ ಒಂದೆಲೆ ಕೊಟ್ಟಿಲ್ವಂತೆ. ನನ್ನ ಹತ್ರವೂ ಬಾಯಿ ಬಿಡಲ್ಲ. ಹೋಗುವಾಗ ಜೊತೆಗೆ ಕಟ್ಟಿಕೊಂಡು ಹೋಗ್ತೀಯಾ?"

ಛೇ, ಆಡಬಾರದಿತ್ತು. ಆಡಿಯಾಗಿತ್ತು.

ಅತ್ತೆ ಮೊರದಿಂದ ಎರಡು ಎಲೆ ಎತ್ತಿ ಮುಂದಿಟ್ಟಳು. "ಬೆಳಗ್ಗೆ ಗುಡ್ಡದಿಂದ ತಂದದ್ದು. ಒಂದೆಲೆ ಹುಣ್ಣು ಮಾಯಿಸುತ್ತೆ. ಇನ್ನೊಂದು ಎಲ್ಲ ಕಡೆ ಬೆಳೆಯೋ ಕಳೆ, ಹುಣ್ಣನ್ನ ಕೊಳೆಸುತ್ತೆ. ಯಾವುದು ಯಾವುದು, ಹೇಳು ನೋಡೋಣ."

ಅವಳು ತಿರುಗಿಸಿ ಮುರುಗಿಸಿ ನೋಡಿದಳು. ಅದೇ ಅಂಚು, ಅದೇ ನರ. ಊಹ್ಞೂಂ.

"ಕಣ್ಣಿಗೆ ಯಾರಪ್ಪನಿಗೂ ಗೊತ್ತಾಗಲ್ಲ. ಹಿಸುಕಿ ಮೂಸು."

"ಇದು ಬರೀ ಸೊಪ್ಪು. ಇದು... ಎಳೆ ಸೌತೆಕಾಯಿ ಹೆಚ್ಚಿದ ಹಾಗೆ!"

"ಹ್ಞಾಂ, ಅದೇ ಮದ್ದು." ಅತ್ತೆಯ ಕಣ್ಣು ತುಂಬಿತು. "ಎಂಟು ತಿಂಗಳ ಹಿಂದೆ ಜ್ವರ ಬಂದುಹೋದ ಮೇಲೆ ನನಗೆ ವಾಸನೇನೇ ಇಲ್ಲ ಕಣೇ. ಹಾಲು ಸೀದರೂ ತಿಳಿಯಲ್ಲ. ದಿನಾ ಕಿತ್ತು ತರ್ತೀನಿ, ದಿನಾ ಮೂಸ್ತೀನಿ. ಜಿಪುಣಿ ಅಂದ್ಕೊಳ್ಳಲಿ ಬಿಡು, ಯಾರ ಕಾಲೂ ಕೊಳೀಬಾರದು."

ಅವಳು ಎರಡೂ ಎಲೆಯನ್ನು ಇನ್ನೊಮ್ಮೆ ಮೂಸಿ ನೋಡಿದಳು. ಆಫೀಸಿನಲ್ಲಿ ತಾನು ಅಂಟಿಸಿಟ್ಟದ್ದು ಇವೆರಡರಲ್ಲಿ ಯಾವುದೋ, ದೇವರೇ ಬಲ್ಲ. ಒಣಗಿದ ಮೇಲೆ ಎಲ್ಲಕ್ಕೂ ಗೋಂದಿನದೇ ವಾಸನೆ.

ಬಾಗಿಲಿಗೆ ಹೋಗಿ ದರ್ಜಿಯನ್ನು ಕೂಗಿದಳು. ಅವನಿನ್ನೂ ಬೀದಿ ತಿರುವು ದಾಟಿರಲಿಲ್ಲ. ನಾಲ್ಕರ ಬಸ್ಸು ಹೋದರೆ ಹೋಗಲಿ ಅಂತ ಚಪ್ಪಲಿ ಬಿಟ್ಟು, ಮೊರವನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಎಲೆಯ ತುದಿ ಹಿಸುಕಿ ಮೂಸತೊಡಗಿದಳು. ಸೌತೆಕಾಯಿ ವಾಸನೆಯವು ಬಲಕ್ಕೆ, ಉಳಿದವು ಎಡಕ್ಕೆ.

ಬಲಕ್ಕೆ ಒಂದೆಲೆ ಬಿದ್ದಾಗಲೆಲ್ಲ ಅತ್ತೆ ಮುಂದಕ್ಕೆ ಬಾಗಿ ಕೇಳುತ್ತಿದ್ದಳು: "ವಾಸನೆ ಹೇಗಿದೆಯೇ? ಇನ್ನೂ ಹಾಗೇ ಇದೆಯಾ?"