ದಿಬ್ಬದ ಮೇಲಿನ ಅತಿಥಿ

"ಇದ್ರಲ್ಲಿ ನೀನೆಲ್ಲಿದ್ದೀಯಪ್ಪಾ?" ಮುದುಕಿ ಕನ್ನಡಕ ಏರಿಸಿಕೊಂಡು ಪಟದ ಮೇಲೆ ಬಗ್ಗಿದಳು.

"ಎಲ್ಲಾರ್ಗಿಂತ ಕೆಳಗೆ, ಅಜ್ಜೀ. ಅಗೋ, ಒಂದು ಕೈ ಆಚೆ ಬಂದಿದೆಯಲ್ಲ, ಅದೇ ನಾನು."

"ಅಯ್ಯೋ, ಬರೀ ಕೈಯಾ! ಮುಖ ಒಂಚೂರು ತೋರಿಸ್ಬಾರ್ದಿತ್ತಾ?"

ಡಾಲ್ಟನ್ ನಕ್ಕು ಪಟದ ಮೇಲೆ ಹೆಸರು ಗೀಚಿ ಕೊಟ್ಟ. ಕಾಲ್ಡರ್ ಕಾಲೇಜಿನ ಬೇಸ್‌ಬಾಲ್ ತಂಡ ಕಳೆದ ಜೂನ್‌ನಲ್ಲಿ ದೇಶಕ್ಕೇ ಮೊದಲು ಬಂದ ಗಳಿಗೆಯ ಪಟ ಅದು. ಕೊನೆಯ ಚೆಂಡು ಎಸೆದವನು ಡಾಲ್ಟನ್. ಗೆದ್ದವರೆಲ್ಲ ಎಸೆದವನ ಮೇಲೆ ಬಿದ್ದು ಗುಡ್ಡೆಯಾಗುವುದು ಆ ಆಟದ ಪದ್ಧತಿ. ಮೊದಲು, ಎಸೆದ ಚೆಂಡನ್ನು ಎದುರಿಗೆ ಕೂತು ಹಿಡಿಯುವ ಕ್ಯಾಚರ್ ಗಿಲ್ ಓಡಿಬಂದು ತಬ್ಬಿಕೊಂಡ, ಹಿಂದೆಯೇ ಇಡೀ ತಂಡ ಬಂದು ಬಿತ್ತು. ಅಡಿಯಲ್ಲಿ ಡಾಲ್ಟನ್‌ನ ಬಲಭುಜ ತಿರುಚಿಕೊಂಡು ಕೀಲು ತಪ್ಪಿತು. "ಕೈ! ಕೈ!" ಎಂದು ಅವನು ಕಿರುಚಿದ. ಮೇಲಿದ್ದವರು ಅವನಿಗಿಂತ ಜೋರಾಗಿ ಕಿರುಚಿದರು. ಗೆದ್ದ ದಿನ ಯಾರು ಯಾಕೆ ಅರಚುತ್ತಾರೆಂದು ಯಾರು ವಿಚಾರಿಸುತ್ತಾರೆ? ಎದುರಾಳಿಗಳ ಕೈಲಾಗದ ಕೆಲಸವನ್ನು ಸ್ವಂತದವರೇ ಮಾಡಿ ಮುಗಿಸಿದರು. ಈಗ ಅದರ ಪಟವನ್ನು ಮೈದಾನದ ಬಾಗಿಲಲ್ಲಿಟ್ಟು ಮಾರುತ್ತಿದ್ದರು.

ಆಪರೇಷನ್ ಆಯಿತು. ಚಳಿಗಾಲವೆಲ್ಲ ಡಾಲ್ಟನ್ ಜಿಮ್ಮಿನ ಹಿಂದಿನ ಗೋಡೆಗೆ ಚೆಂಡು ಎಸೆದ, ಮೊದಮೊದಲು ಮಗು ಎಸೆದ ಹಾಗೆ, ಆಮೇಲೆ ಸ್ವಲ್ಪ ಗಂಡಸಿನ ಹಾಗೆ. ಈ ಸಲದ ಪಂದ್ಯಗಳು ಶುರುವಾಗಿ ತಂಡ ಹೋದ ಊರಲ್ಲೆಲ್ಲ ಸೋತು ಬಂತು. ಇವತ್ತು ಸ್ವಂತ ಮೈದಾನದಲ್ಲಿ ಮೊದಲ ಆಟ, ಗೆಲುವಿನ ಬಾವುಟ ಏರಿಸುವ ದಿನ. ಆಟಕ್ಕೆ ಮುಂಚೆ ಶಾಸ್ತ್ರಕ್ಕೆಂದು ಎಸೆಯುವ ಚೆಂಡನ್ನು ನೀನೇ ಎಸೆಯಬೇಕು ಎಂದು ಕೋಚ್ ಪ್ರೂಯಿಟ್ ಹೇಳಿದ್ದರು. ಸುದ್ದಿ ಕೇಳಿ, ಮರದ ಲಾರಿ ಓಡಿಸುವ ಅಪ್ಪ ರಾಯ್ಸ್ ಕೆಲಸ ಬಿಟ್ಟು ಬಂದಿದ್ದ. ಬಾಗಿಲಲ್ಲಿ ಸಿಕ್ಕವರಿಗೆಲ್ಲ "ನನ್ ಮಗನೇ ಎಸೀತಿರೋದು ಇವತ್ತು" ಎಂದು ಸಾರುತ್ತಿದ್ದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಗಿಲ್ ಮೊಣಕಾಲಿನ ರಕ್ಷೆ ಕಟ್ಟಿಕೊಳ್ಳುತ್ತಿದ್ದ. ತಲೆಯೆತ್ತದೆ ಕೇಳಿದ: "ಆ ಚೆಂಡು ಇಲ್ಲೀವರ್ಗೂ ಯಾರ್ಯಾರು ಎಸ್ದಿದಾರೆ ಗೊತ್ತೇನೋ?"

"ಹೋದ್ಸಲ ಮೇಯರ್ರು. ಅದಕ್ ಮುಂಚೆ ಟ್ರ್ಯಾಕ್ಟರ್ ಅಂಗಡಿಯೋರು."

"ಆಡೋ ಹುಡುಗ ಒಬ್ಬನಾದ್ರೂ?"

ಒಬ್ಬನೂ ಇರಲಿಲ್ಲ, ಅದು ಹೊರಗಿನ ಅತಿಥಿಗಳಿಗೆ ಕೊಡುವ ಚೆಂಡು. ಇಷ್ಟು ದಿನ ಅದು ತನ್ನ ತಲೆಗೆ ಯಾಕೆ ಹೊಳೆಯಲಿಲ್ಲವೋ ಡಾಲ್ಟನ್‌ಗೇ ತಿಳಿಯಲಿಲ್ಲ. ನೇರ ಕೋಚ್ ಕೋಣೆಗೆ ನಡೆದ.

"ನನ್ ಜಾಗ ಹೋಯ್ತಾ, ಕೋಚ್?"

ಪ್ರೂಯಿಟ್ ಕುರ್ಚಿ ಎಳೆದು ಕೂರಿಸಿದರು. "ನಿನ್ ಫೀಸು ಕಾಲೇಜೇ ಕಟ್ಟುತ್ತೆ, ಮಗಾ. ಓದು ಮುಗಿಸ್ಕೋ. ಇನ್ನು ಆಡೋ ಹಾಗಿಲ್ಲ ಅಂತ ಡಾಕ್ಟ್ರ ಕೈಲಿ ಹೇಳಿಸ್ತೀನಿ. ತಂಡದಲ್ಲಿ ಇರೋದೇ ಇಷ್ಟು ಜಾಗ. ಟೆಕ್ಸಸ್‌ನಿಂದ ಚೆಂಡೆಸೆಯೋ ಹುಡುಗ ಬಂದಿದಾನೆ, ನೀನೂ ನೋಡಿದೀಯ."

"ಒಂದ್ ತಿಂಗ್ಳು ಕೊಡಿ."

"ಹೋದ ವರ್ಷ ಗೆದ್ರು ಪಾಪ ಅಂತ ಈ ವರ್ಷ ಯಾರಾದ್ರೂ ಬಿಡ್ತಿದಾರಾ ನಮ್ಮನ್ನ? ನನ್ ಕುತ್ಗೆಗೇ ಬಂದಿದೆ."

"ಹಾಗಿದ್ರೆ ಇವತ್ ನೋಡಿ. ಪೂರ್ತಿ ದೂರದಿಂದ, ಪೂರ್ತಿ ಜೋರಲ್ಲಿ ಎಸೀತೀನಿ. ಸರಿಯಾಗಿ ಬಿದ್ರೆ ಆ ಒಂದ್ ತಿಂಗ್ಳು ಕೊಡ್ತೀರಾ?"

ಕೋಚ್ ಗಡಿಯಾರ ನೋಡಿಕೊಂಡರು. "ಆಯ್ತು, ನೋಡೋಣ."

ಬಾವುಟ ಏರಿತು. ಧ್ವನಿವರ್ಧಕದಲ್ಲಿ ಡಾಲ್ಟನ್ ಹೆಸರು ಬಂತು. ಅತಿಥಿಗಳು, ಆಟಗಾರರು ಎಸೆಯುವ ಮಣ್ಣಿನ ದಿಬ್ಬ ಹತ್ತದೆ, ಅದರ ಮುಂದೆ ಹುಲ್ಲಿನ ಮೇಲೆ ನಿಂತು ಎಸೆಯುತ್ತಾರೆ, ಅಲ್ಲಿಂದಾದರೆ ಹತ್ತಿರ. ಅವನು ದಿಬ್ಬ ಹತ್ತಿದ. ಎದುರುಗಡೆ ಗಿಲ್ ಅತಿಥಿಗಳಿಗೆ ನಿಲ್ಲುವ ಹಾಗೆ ನೆಟ್ಟಗೆ ನಿಂತಿದ್ದ.

"ಕೂತ್ಕೊಳೋ," ಎಂದ ಡಾಲ್ಟನ್.

"ಬೇಡ ಕಣೋ, ಮೆಲ್ಲಗೆ ಹಾಕು ಸಾಕು."

"ಕೂತ್ಕೋ ಅಂದ್ನಲ್ಲಾ!"

ಗಿಲ್ ಕುಕ್ಕರುಗಾಲಲ್ಲಿ ಕೂತು ಕೈಗವಸು ಒಡ್ಡಿದ. ಡಾಲ್ಟನ್ ಕಾಲೆತ್ತಿದ, ಒಂಬತ್ತು ತಿಂಗಳ ಸಿಟ್ಟನ್ನೆಲ್ಲ ಭುಜಕ್ಕೆ ತಂದು ಎಸೆದ. ಒಳಗೆ ಏನೋ ಹರಿದುಹೋಯಿತು. ಕಣ್ಣು ಕತ್ತಲಿಟ್ಟಿತು, ಆದರೂ ಚೆಂಡು ಕೈಗವಸಿಗೆ ಬಡಿದ ಸದ್ದು ಅವನಿಗೆ ಕೇಳಿಸಿತು. ಗಿಲ್ ಕೈಗವಸನ್ನು ಒಂದಿಷ್ಟೂ ಅಲ್ಲಾಡಿಸಬೇಕಾಗಿ ಬಂದಿರಲಿಲ್ಲ. ಅಂಥ ಎಸೆತ ಈ ವರ್ಷ ಆ ತಂಡದಲ್ಲಿ ಇನ್ನೊಬ್ಬನಿಂದ ಬಂದಿರಲಿಲ್ಲ.

ಜನ ಚಪ್ಪಾಳೆ ತಟ್ಟಿದರು. ಮೇಯರಿಗೆ ತಟ್ಟಿದಷ್ಟೇ. ಅಪ್ಪನೊಬ್ಬ ಎದ್ದು ನಿಂತು ಟೋಪಿ ಬೀಸುತ್ತಿದ್ದ.

ಡಾಲ್ಟನ್ ತಿರುಗಿ ಕೋಚ್ ಕಡೆ ನೋಡಿದ. ಪ್ರೂಯಿಟ್ ಬೇಲಿಗೆ ಒರಗಿ, ಮೈದಾನಕ್ಕೆ ಬೆನ್ನು ಹಾಕಿ, ಟೆಕ್ಸಸ್ ಹುಡುಗ ಆಟಕ್ಕೆ ಮುಂಚೆ ಚೆಂಡೆಸೆದು ಕೈ ಸಡಿಲಿಸಿಕೊಳ್ಳುವುದನ್ನು ನೋಡುತ್ತಿದ್ದರು.

ಗಿಲ್ ಚೆಂಡು ಹಿಡಿದು ಓಡಿಬಂದ. ಶಾಸ್ತ್ರದ ಚೆಂಡು ಎಸೆದವನಿಗೇ ಸೇರುತ್ತದೆ.

"ನೋಡಿದ್ರೇನೋ ಅವ್ರು?"

"ನೋಡಿದ್ರು," ಎಂದ ಗಿಲ್, ನೆಲ ನೋಡುತ್ತ. ತಬ್ಬಿಕೊಳ್ಳಲು ತೋಳು ಚಾಚಿದ. ಡಾಲ್ಟನ್ ಒಂದು ಹೆಜ್ಜೆ ಹಿಂದೆ ಸರಿದ.

"ಮುಟ್ಬೇಡ."

ಚೆಂಡನ್ನು ಎಡಗೈಯಲ್ಲಿ ಇಸಿದುಕೊಂಡು ಅವನು ಗೆರೆ ದಾಟಿ ಮೈದಾನದಾಚೆ ಹೋದ. ಮೈದಾನ ನೋಡಿಕೊಳ್ಳುವಾತ ಕುಂಟೆ ಹಿಡಿದು ದಿಬ್ಬ ಹತ್ತಿ, ಡಾಲ್ಟನ್ ಕಾಲೂರಿ ಮಣ್ಣು ಕಿತ್ತ ಜಾಗವನ್ನು ನಿಧಾನವಾಗಿ ಎಳೆದು ಸಮ ಮಾಡತೊಡಗಿದ. ಟೆಕ್ಸಸ್ ಹುಡುಗ ಪಕ್ಕದಲ್ಲಿ ನಿಂತು, ಅದು ಮುಗಿಯಲೆಂದು ಕಾಯುತ್ತಿದ್ದ.