ಗೋಡೆಯಾಚೆಯ ಒದೆ

ನರ್ಸ್ ಫೂಸಿ ನಮ್ಮ ಅತ್ತಿಗೆಯ ಎಡಪಾದಕ್ಕೆ ಮೊಂಡು ಸೂಜಿ ಒತ್ತಿ, "ಗೊತ್ತಾಗುತ್ತಾ?" ಎಂದು ಕೇಳಿದಳು.

"ಮೊದಲು ಚುಚ್ಚು, ಆಮೇಲೆ ಹೇಳ್ತೀನಿ," ಎಂದರು ಅತ್ತಿಗೆ.

ಫೂಸಿ ಆಗಲೇ ಮೂರು ಸಲ ಚುಚ್ಚಿದ್ದಳು. ಅವಳು ಸೂಜಿ ಕೆಳಗಿಟ್ಟು ನನ್ನ ಮುಖ ನೋಡಿದಳು. "ಸಕ್ಕರೆ ಇಳಿಸದಿದ್ರೆ ಈ ಕಾಲು ಉಳಿಯಲ್ಲ. ದಿನಾ ಬೆವರು ಹರೀಬೇಕು."

ಅತ್ತಿಗೆ ಲೋಸಲಿನೆ ನನ್ನ ಗಂಡ ಹಾನಿತೆಲಿಯ ಅಕ್ಕ. ಗಂಡ ತೀರಿದ ಮೇಲೆ ನಮ್ಮ ಅಂಗಳದಲ್ಲೇ ಬೇರೆ ಮನೆ ಕಟ್ಟಿಸಿಕೊಂಡಿದ್ದರು. ಟೊಂಗಾದಲ್ಲಿ ಅಪ್ಪನ ಅಕ್ಕನೆಂದರೆ ಮಕ್ಕಳಿಗೆ ಎಲ್ಲರಿಗಿಂತ ಹಿರಿಯಳು, ಅವಳ ಊಟವಾಗದೆ ಯಾರೂ ಕೈಯಿಡುವುದಿಲ್ಲ. ಅಂಥವರು ಬೀದಿಯಲ್ಲಿ ಬೆವರು ಸುರಿಸಲು ಊರು ಬಿಟ್ಟೀತೇ? ಮೊದಲ ದಿನ ನಡೆಯಲು ಹೊರಟವರನ್ನು ಎರಡು ಗಾಡಿಗಳು ನಿಲ್ಲಿಸಿ ಹತ್ತಿಸಿಕೊಂಡವು. ಮೂರನೆಯ ಮನೆಯವರು ಕೂರಿಸಿ, ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನಹಾಲಿನಲ್ಲಿ ಬೇಯಿಸಿದ ಮಾಂಸ ಬಡಿಸಿದರು. ಹೋಗುವಾಗ ಇದ್ದದ್ದಕ್ಕಿಂತ ಭಾರವಾಗಿ ಮರಳಿದರು.

ಅದೇ ತಿಂಗಳು ಹಾನಿತೆಲಿ ಚರ್ಚಿನ ಸಭಾಭವನದಲ್ಲಿ ಹೆಂಗಸರಿಗೆ ಕಿಕ್‌ಬಾಕ್ಸಿಂಗ್ ಶುರುಮಾಡಿದ. ಅವನು ನ್ಯೂಜಿಲೆಂಡಿನಲ್ಲಿ ಕಲಿತ ವಿದ್ಯೆ ಅದು. ಯಾರನ್ನೂ ಹೊಡೆಯಲಿಕ್ಕಲ್ಲ, ಎದೆಬಡಿತ ಏರಲಿ, ಮೈ ಕರಗಲಿ ಎಂದು. ಭಾನುವಾರ ಬಿಟ್ಟು ದಿನಾ ಬೆಳಿಗ್ಗೆ ಆರಕ್ಕೆ ಪ್ರಾರ್ಥನೆ, ಆಮೇಲೆ ಒದೆತ. ಇದು ನನ್ನ ತವರೂರು, ಬಂದವರೆಲ್ಲ ನನ್ನ ಚಿಕ್ಕಮ್ಮಂದಿರು, ಅಕ್ಕತಂಗಿಯರು.

"ಎಡಗಾಲು ಮುಂದೆ. ಮುಷ್ಟಿ ಗಲ್ಲದ ಹತ್ರ. ಎರಡು ನಿಮಿಷ ಹೊಡೀರಿ, ಒಂದು ನಿಮಿಷ ಉಸಿರಾಡಿ. ಪೌಲಿನಿ ಚಿಕ್ಕಮ್ಮ, ಒದೆಯೋ ಮೊದಲು ಮಂಡಿ ಎತ್ತಿ. ಕೋಳಿ ಓಡಿಸ್ತಿದ್ದೀರೋ ಹೇಗೆ?"

"ನನ್ನ ಮಂಡಿ ಕಡೇಸಲ ಎದ್ದಿದ್ದು ನಿನ್ನ ಮದುವೇಲಿ ಕಣೋ. ಅವತ್ತೂ ಕುಣೀಲಿಕ್ಕಲ್ಲ, ಹಂದಿ ಅಟ್ಟಲಿಕ್ಕೆ!"

ಫೂಸಿ ಬಾಗಿಲಲ್ಲಿ ಕೂತಿದ್ದು, ಮುಗಿದ ಮೇಲೆ ಒಬ್ಬೊಬ್ಬರ ಅಂಗಾಲು ತಿರುಗಿಸಿ ನೋಡಿ ಕಳಿಸುತ್ತಿದ್ದಳು.

ಊರಿನ ಹೆಂಗಸರೆಲ್ಲ ಬರಬಹುದಾದ ಆ ಜಾಗಕ್ಕೆ ಬರಲಾಗದವರು ಅತ್ತಿಗೆ ಒಬ್ಬರೇ. ತಮ್ಮನ ಕಣ್ಣೆದುರು ಅಕ್ಕ ಕಾಲೆತ್ತುವುದುಂಟೇ? ಅವನು ಅಕ್ಕನಿಗೆ "ಎತ್ತು" ಎನ್ನುವುದುಂಟೇ? ನಮ್ಮ ಪದ್ಧತಿಯಂತೆ ಅವರಿಬ್ಬರು ದೊಡ್ಡವರಾದ ಮೇಲೆ ಒಂದೇ ಕೋಣೆಯಲ್ಲಿ ಕೂತವರಲ್ಲ, ನೇರವಾಗಿ ಮಾತಾಡಿದವರಲ್ಲ. ಆಡಬೇಕಾದದ್ದು ನನ್ನ ಮೂಲಕವೇ ದಾಟಬೇಕು.

ಉಪಾಯ ಹೇಳಿದವಳು ನಾನು. ದೇವರು ನನಗೆ ಅದರ ಲೆಕ್ಕ ಕೇಳಿಯೇ ಕೇಳುತ್ತಾನೆ. "ಅತ್ತಿಗೆ, ಸಭಾಭವನದ ಹಿಂದೆ ಕಿಟಕಿ ಕೆಳಗೆ ನಿಂತ್ಕೊಳ್ಳಿ. ಅವನು ಹೇಳೋದು ಕೇಳಿಸುತ್ತೆ. ನಿಮ್ಮನ್ನ ಯಾರೂ ನೋಡಲ್ಲ."

"ಆಡುಗಳು ನೋಡ್ತವಲ್ಲೇ."

"ನೋಡಿ ಕಲೀಲಿ ಬಿಡಿ."

ಮರುದಿನದಿಂದ ಅತ್ತಿಗೆ ಗೋಡೆಯಾಚೆ ನಿಂತರು. ಹಾನಿತೆಲಿಗೆ ನಾನು ಹೇಳಲಿಲ್ಲ, ಅವನು ಕೇಳಲೂ ಇಲ್ಲ. ಆದರೆ ಆ ವಾರದಿಂದ ಅವನು ಹಿಂಬದಿಯ ಕಿಟಕಿಗೆ ಮುಖ ಮಾಡಿ, ದನಿ ಎತ್ತರಿಸಿ ಎಣಿಸತೊಡಗಿದ. "ಇವನಿಗೇನು ನಾವು ಕಿವುಡರಂತೆ ಕಾಣ್ತೀವಾ?" ಎಂದು ಪೌಲಿನಿ ಚಿಕ್ಕಮ್ಮ ಗೊಣಗಿದರು. ತರಗತಿ ಮುಗಿಯುವ ಮುಂಚೆಯೇ, ತಮ್ಮ ಎದುರಾಗದಿರಲೆಂದು, ಅತ್ತಿಗೆ ಬಾಳೆತೋಟದ ದಾರಿಯಲ್ಲಿ ಮನೆ ಸೇರುತ್ತಿದ್ದರು.

ಎರಡು ತಿಂಗಳಲ್ಲಿ ಸಕ್ಕರೆ ಇಳಿಯಿತು. ಫೂಸಿ ಕುಣಿದಾಡಿದಳು. ಅತ್ತಿಗೆ ಮಾತ್ರ, "ತೋಟಕ್ಕೆ ಹೋಗ್ತಿದ್ದೀನಿ," ಎಂದಷ್ಟೇ ಹೇಳಿದರು.

ಮಾರ್ಚಿನ ಬಿರುಗಾಳಿ ಸಭಾಭವನದ ತಗಡನ್ನು ಕಿತ್ತಿತು. ಗಂಡಸರು ಒಂದು ವಾರ ಹತ್ತಿಳಿದು ರಿಪೇರಿ ಮಾಡಿದರು. ಮತ್ತೆ ಶುರುವಾದ ದಿನ ಯಾರದೋ ಕಾಲಿನ ಚಪ್ಪಲಿ ಒದೆಯುವಾಗ ಹಾರಿ ಹಾರ್ಮೋನಿಯಂ ಮೇಲೆ ಬಿತ್ತು. ಎಲ್ಲರೂ ನಕ್ಕರು. ಹಾನಿತೆಲಿ ಕೂಗಿದ: "ಬರಿಗಾಲು! ಇನ್ಮೇಲೆ ಎಲ್ಲರೂ ಬರಿಗಾಲು!"

ಒಳಗೆ ಚಾಪೆ ಹಾಸಿತ್ತು. ಹೊರಗೆ ಮರಳು, ಮರಳಿನಲ್ಲಿ ಹಳೆಯ ತಗಡಿನ ಮೊಳೆಗಳು. ಅತ್ತಿಗೆ ಚಪ್ಪಲಿ ಕಳಚಿ ಗೋಡೆಗೆ ಒರಗಿಸಿಟ್ಟರು. ದೊಡ್ಡವರಾದ ಮೇಲೆ ತಮ್ಮನ ಮಾತು ನೇರವಾಗಿ ಕಿವಿಗೆ ಬಿದ್ದದ್ದು ಈ ಕಿಟಕಿಯ ಕೆಳಗೆ ಮಾತ್ರ, ಹಾಗಾಗಿ ಪೂರ್ತಿ ನಡೆಸಿದರು.

ಆ ಭಾನುವಾರ ಚರ್ಚಿನಲ್ಲಿ, ತಲೆಬಾಗಿ ಪ್ರಾರ್ಥಿಸುವಾಗ, ನನ್ನ ಮೂಗಿಗೆ ವಾಸನೆ ಬಡಿಯಿತು. ಹಲಗೆಯಡಿ ಇಲಿ ಸತ್ತಿರಬೇಕು ಎಂದುಕೊಂಡೆ. ಹಾಡು ಹಾಡಲು ಎದ್ದೆವು. ವಾಸನೆ ನಮ್ಮ ಜೊತೆಗೇ ಎದ್ದಿತು.

ಮನೆಗೆ ಬಂದು ಅವರ ಪಾದ ತಿರುಗಿಸಿದೆ. ಮೊಳೆ ತಲೆಯವರೆಗೂ ಒಳಗಿತ್ತು. ಸುತ್ತ ಕಪ್ಪಾಗಿ, ಬೆರಳಿಟ್ಟರೆ ಜಾರುತ್ತಿತ್ತು.

"ಏನೇ ಅದು?" ಎಂದರು ಅತ್ತಿಗೆ, ಕತ್ತು ಚಾಚಿ.

"ಮೊಳೆ."

"ಯಾವತ್ತಿಂದು?"

ನನಗೇನು ಗೊತ್ತು?

ಪಟ್ಟಣದ ಆಸ್ಪತ್ರೆಯಲ್ಲಿ ಬುಧವಾರ ಮಂಡಿಯ ಕೆಳಗೆ ಕತ್ತರಿಸಿದರು. ಹಾನಿತೆಲಿ ಅಕ್ಕನ ಕೋಣೆಗೆ ಕಾಲಿಡಲಿಲ್ಲ, ಮೊಗಸಾಲೆಯ ಬೆಂಚಿನ ಮೇಲೆ ಮುಷ್ಟಿ ಬಿಗಿದು ಕೂತಿದ್ದ. ಬಿಳಿ ಅಂಗಿಯವನೊಬ್ಬ ಹೊರಗೆ ಬಂದು, "ಕಾಲನ್ನ ಮನೆಯವರು ತಗೊಂಡು ಹೋಗ್ತೀರಾ? ಇಲ್ಲಾಂದ್ರೆ ನಾವು ಸುಡ್ತೀವಿ," ಎಂದು ಕೇಳಿದ. ನಮ್ಮವರು ಮೈಯ ಯಾವ ಭಾಗವನ್ನೂ ಸುಡಲು ಬಿಟ್ಟುಕೊಡುವುದಿಲ್ಲ. ಹಾನಿತೆಲಿ ಎದ್ದು ಕೈ ಚಾಚಿದ, ಮತ್ತೆ ಹಿಂದಕ್ಕೆಳೆದುಕೊಂಡ. ನಾನೇ ತಗೊಂಡೆ.

ಒಳಗೆ ಅತ್ತಿಗೆಗೆ ಎಚ್ಚರವಾಗಿತ್ತು. "ಎಲ್ಲಿ ಹೂಳ್ತೀರಿ?"

"ಇಲ್ಲೇ ನಮ್ಮೂರಲ್ಲಿ, ನನ್ನ ಅಪ್ಪ ಅಮ್ಮನ ಪಕ್ಕ."

"ನಿನ್ನ ಗಂಡನಿಗೆ ಹೇಳು, ಜಾಗ ನೋಡಿಕೊಂಡು ತೋಡಲಿ. ಉಳಿದ ನಾನೂ ಅಲ್ಲಿಗೇ ಬರೋಳು ತಾನೇ."

ಕಾಲನ್ನು ಅಮ್ಮನ ಪೆಟ್ಟಿಗೆಯಲ್ಲಿದ್ದ ನಾರುಮಡಿಯಲ್ಲಿ ಸುತ್ತಿದೆ. ಗಾಡಿಯಲ್ಲಿ ನನ್ನ ಮಡಿಲಲ್ಲಿಟ್ಟುಕೊಂಡೆ. ಒಂದು ಮಗುವಿನಷ್ಟು ಭಾರವಿತ್ತು. ಪಾದ್ರಿಗಳು ಬಂದರು, ಪುಸ್ತಕ ತೆರೆದರು. ಕಾಲಿಗೆಂದು ಬರೆದ ಪ್ರಾರ್ಥನೆ ಅದರಲ್ಲಿರಲಿಲ್ಲ. ಮುಚ್ಚಿ, ಸುಮ್ಮನೆ ತಲೆಬಾಗಿ ನಿಂತರು.

ಹಾನಿತೆಲಿ ತೋಡಿದ. ನಾನು ಇಳಿಸುವಾಗ ಅವನು ಬೆನ್ನು ತಿರುಗಿಸಿ ಸಮುದ್ರದ ಕಡೆ ನಿಂತ. ಮಣ್ಣು ಮುಚ್ಚಿದ ಮೇಲೆ, ಉಳಿದ ತಾನೂ ಅಲ್ಲಿಗೇ ಬರುವವಳೆಂಬ ಅಕ್ಕನ ಮಾತನ್ನು ಅವನಿಗೆ ದಾಟಿಸಿದೆ. ಅವನು ಹಾರೆಯನ್ನು ನೆಲದ ಮೇಲೆ ಅಡ್ಡ ಮಲಗಿಸಿ, ಉದ್ದ ಅಳೆಯಲು ಬಗ್ಗಿದ. ಬಗ್ಗಿದವನು ಹಾಗೇ ಉಳಿದ.

"ಅಕ್ಕ ಎಷ್ಟು ಎತ್ತರ ಇದ್ದಾಳೆ?" ಎಂದು ಕೇಳಿದ.

ನಾನು ನನ್ನ ಕಿವಿಯ ಹತ್ತಿರ ಕೈ ಹಿಡಿದು ತೋರಿಸಿದೆ.