ಅತ್ತೆಯ ಕಿವಿ, ಅಳಿಯನ ಸ್ಪೀಕರು

ಹಲ್ಲಿನ ಡಾಕ್ಟರ ಮನೆಯ ಮಹಡಿಯಲ್ಲೊಂದು ಕೋಣೆಯಿತ್ತು. ಕಿಟಕಿಗೆ ದಪ್ಪ ಪರದೆ, ನೆಲಕ್ಕೆ ಎರಡು ಪದರ ಜಮಖಾನ, ಗೋಡೆಗೆ ಸ್ಪಂಜಿನ ಹಲಗೆಗಳು, ನಡುವೆ ಒಂದೇ ಒಂದು ಕುರ್ಚಿ. ಸಂಗೀತ ಸರಿಯಾಗಿ ಕೇಳಿಸುವ ಜಾಗ ಇಡೀ ಕೋಣೆಯಲ್ಲಿ ಅದೊಂದೇ ಎಂದು ಅವರು ಟೇಪು ಹಿಡಿದು ಅಳೆದು ಕಂಡುಕೊಂಡಿದ್ದರು. ಎರಡನೆಯವರು ಬಂದರೆ ನಿಂತೇ ಇರಬೇಕು. ಹಾಗಾಗಿ ಎರಡನೆಯವರು ಬರುವುದನ್ನು ಬಿಟ್ಟಿದ್ದರು.

ಐದು ವರ್ಷದಲ್ಲಿ ಆ ಕೋಣೆಗೆ ಮೂರು ಜೊತೆ ಸ್ಪೀಕರು ಬಂದಿದ್ದವು. ಬಂದ ಹೊಸದರಲ್ಲಿ ಅವಕ್ಕೆ ಹೊಸ ಅಳಿಯನ ಉಪಚಾರ. ಮೆತ್ತನೆ ಬಟ್ಟೆಯಲ್ಲಿ ಒರೆಸಿದ್ದೇ ಒರೆಸಿದ್ದು. ಎರಡು ತಿಂಗಳಾಗುವಷ್ಟರಲ್ಲಿ ಡಾಕ್ಟರು ತಲೆ ಓರೆ ಮಾಡಿ, "ಮೇಲಿನ ಸ್ವರದಲ್ಲಿ ಏನೋ ಕಮ್ಮಿ. ಕಂಬಳಿ ಹೊದ್ದುಕೊಂಡು ಹಾಡ್ದಂಗಿದೆ" ಎನ್ನಲು ಶುರು ಮಾಡುತ್ತಿದ್ದರು. ಹೀಗೆ ಅಂದರೆಂದರೆ ಹಳೆಯ ಜೊತೆಯ ದಿನ ಮುಗಿಯಿತೆಂದೇ ಅರ್ಥ.

ಈ ಸಲ ಸ್ಪೀಕರ್ ಅಂಗಡಿಯವರು ತಾವೇ ಒಂದು ದಾರಿ ಹೇಳಿದರು. "ಅಂಗಡೀಲಿ ಕೇಳಿ ತೀರ್ಮಾನ ಮಾಡೋದು ಬೇಡ ಡಾಕ್ಟ್ರೇ. ದೊಡ್ಡ ಜೊತೇನೇ ಮನೆಗೆ ತರ್ತೀನಿ. ಒಂದು ವಾರ ಇಟ್ಕೊಂಡು ಕೇಳಿ. ಹಿಡಿಸ್ಲಿಲ್ವೋ, ವಾಪಸ್ ಒಯ್ತೀನಿ."

ಶನಿವಾರ ಮಧ್ಯಾಹ್ನ ನಾಲ್ಕು ಆಳುಗಳು ಎದೆಯೆತ್ತರದ ಎರಡು ಪೆಟ್ಟಿಗೆಗಳನ್ನು ಏದುಸಿರು ಬಿಡುತ್ತ ಮಹಡಿಗೆ ಸಾಗಿಸಿದರು. ಶಾಲೆಯಲ್ಲಿ ಗಣಿತ ಕಲಿಸುವ ಡಾಕ್ಟರ ಹೆಂಡತಿ ಮೆಟ್ಟಿಲ ಬುಡದಲ್ಲಿ ನಿಂತು ನೋಡುತ್ತಿದ್ದರು.

"ಬಟ್ಟೆ ಬೀರು ಮೇಲಕ್ಕೆ ಸಾಗ್ಸೋಣ ಅಂದಾಗ ಮೆಟ್ಟಿಲು ಕಿರಿದು ಅಂದಿದ್ರಿ."

"ಬೀರು ತಿರುವಿನಲ್ಲಿ ಬಾಗಲ್ಲ ಕಣೇ."

"ಇವು ಬಾಗ್ತಾವೆ ಅನ್ನಿ."

ಡಾಕ್ಟರಿಗೆ ಅದು ಕೇಳಿಸಲಿಲ್ಲ. ಅಥವಾ ಕೇಳಿಸಿಯೂ ಕೇಳಿಸದಂತಿದ್ದಾರೆಂದು ಹೆಂಡತಿ ತಿಳಿದುಕೊಂಡರು.

ಸದ್ದಿಗೆ ಅತ್ತೆಯೂ ಮೇಲೆ ಬಂದರು. ಹೆಂಡತಿಯ ತಾಯಿ, ಮಂಡಿಯ ಆಪರೇಷನ್ ಆದ ಮೇಲೆ ಮಗಳ ಮನೆಯಲ್ಲೇ ಇದ್ದರು. ಮೂವತ್ತೊಂದು ವರ್ಷ ಟೆಲಿಫೋನ್ ಆಪರೇಟರಾಗಿ ದುಡಿದವರು. ಸಾವಿರ ಜನರ ದನಿಯನ್ನು 'ಹಲೋ' ಅನ್ನುವಷ್ಟರಲ್ಲೇ ಗುರುತಿಸಿ, ಈತ ಸಿಟ್ಟಿನಲ್ಲಿದ್ದಾನೆ, ಈಕೆ ಅತ್ತು ಬಂದಿದ್ದಾಳೆ ಎಂದು ಲೆಕ್ಕ ಹಾಕುತ್ತಿದ್ದ ಕಿವಿ ಅವರದು. ಈವರೆಗೆ ಅಳಿಯನ ಕೋಣೆಯೊಳಗೆ ಕಾಲಿಟ್ಟವರಲ್ಲ. ಅಂಗಡಿಯವರು ಒಂದು ಸ್ಟೂಲು ಎಳೆದು ಕೂರಿಸಿದರು.

ಹೊಸ ಸ್ಪೀಕರು ಹತ್ತು ನಿಮಿಷ ಹಾಡಿತು. ಡಾಕ್ಟರು ಕಣ್ಣು ಮುಚ್ಚಿ, ತೆರೆದು, "ಚೆನ್ನಾಗೇನೋ ಇದೆ. ಆದ್ರೆ ಮೇಲೆ ಅದೇ ಕಂಬಳಿ" ಅಂದರು.

ಅಂಗಡಿಯವರ ಮುಖ ಸಣ್ಣದಾಯಿತು. "ಕಣ್ಣಿಗೆ ಕಾಣ್ದಂಗೆ ಇಟ್ಟು ಕೇಳೋಣ್ವಾ?" ಎಂದು ಚೀಲದಿಂದ ಪುಟ್ಟ ಸ್ವಿಚ್ಚಿನ ಪೆಟ್ಟಿಗೆ ತೆಗೆದರು. ಒಂದು ಗುಂಡಿ ಒತ್ತಿದರೆ ಹಳೆಯ ಜೊತೆ, ಇನ್ನೊಂದಕ್ಕೆ ಹೊಸದು. ಸ್ಪೀಕರುಗಳ ಮುಂದೆ ತೆಳ್ಳನೆಯ ಬೆಡ್‌ಶೀಟ್ ಇಳಿಬಿಟ್ಟರು. ಗುಂಡಿ ಒತ್ತುವ ಕೆಲಸ ಹೆಂಡತಿಯದು.

ಒಬ್ಬಳೇ ಗಾಯಕಿ, ಜೊತೆಗೊಂದು ಪಿಟೀಲು. ಅದೇ ಹಾಡನ್ನು ಮೂರು ಸಲ ಮೊದಲಿನಿಂದ ಹಾಕಿದರು.

"ಒಂದು," ಅಂದರು ಹೆಂಡತಿ.

"ಇದು ಹಳೇದು. ಮಂಕು," ಅಂದರು ಡಾಕ್ಟರು.

"ಎರಡು."

"ಆಹಾ, ಇದು ಹೊಸದು. ಪಿಟೀಲು ಒಂದಡಿ ಮುಂದಕ್ಕೆ ಬಂತು ನೋಡಿ."

"ಮೂರು."

"ಮತ್ತೆ ಹಳೇದು. ಇಷ್ಟು ವ್ಯತ್ಯಾಸ ಇರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

ಅತ್ತೆ ಮಗಳ ಮುಖ ನೋಡಿದರು. "ಮೂರೂ ಒಂದೇ ಅಲ್ವೇನೇ?"

ಹೆಂಡತಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, "ನಾನಿನ್ನೂ ಗುಂಡೀನೇ ಒತ್ತಿಲ್ಲಮ್ಮ. ಮೂರೂ ಹಳೇದೇ. ಪರೀಕ್ಷೆ ಅಂದ್ಮೇಲೆ ಒಂದು ಕೊಕ್ಕೆ ಪ್ರಶ್ನೆ ಇರ್ಬೇಕಲ್ಲ" ಅಂದರು.

ಅಂಗಡಿಯವರು ಜಮಖಾನದ ಅಂಚನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಈಗ ನಿಜವಾಗಿಯೂ ಗುಂಡಿ ಒತ್ತಿದರು. ಎರಡು ಸಾಲು ಮುಗಿಯುವಷ್ಟರಲ್ಲಿ ಅತ್ತೆ ಕೈಯೆತ್ತಿದರು. "ಹಾಂ, ಈಗ ಬದಲಾಯ್ತು. ಈ ಹುಡುಗಿ ಪ್ರತಿ ಸಾಲಿಗೂ ಮುಂಚೆ ಉಸಿರು ಎಳ್ಕೋತಾಳೆ. ಪಾಪ, ತುಟಿ ಒಣಗಿದೆ, ನೀರು ಕೊಡ್ಬೇಕಿತ್ತು."

"ಎಲ್ಲಿ?" ಅಂದರು ಡಾಕ್ಟರು.

"ಈಗ. ಇಗೋ, ಈಗ."

ಡಾಕ್ಟರು ಮತ್ತೆ ಹಾಕಿಸಿದರು. ಮುಂದಕ್ಕೆ ಬಾಗಿ, ಬೆಡ್‌ಶೀಟಿಗೆ ಕಿವಿ ತಾಗಿಸಿ ಕೇಳಿದರು. ಹಾಡು ಕೇಳಿಸಿತು, ಉಸಿರಿರಲಿಲ್ಲ. ಹೆಂಡತಿಯ ಕಡೆ ನೋಡಿದರು. ಆಕೆ ಕೇಳಿಸುತ್ತದೆಂದು ತಲೆಯಾಡಿಸಿದರು. ಆ ಮುಖದಲ್ಲಿ ನಗೆ ಉಳಿದಿರಲಿಲ್ಲ. ಅಂಗಡಿಯವರೂ ಮೆಲ್ಲಗೆ, "ಕೇಳ್ಸುತ್ತೆ ಡಾಕ್ಟ್ರೇ" ಅಂದರು, ತಪ್ಪು ತಮ್ಮದೇ ಎಂಬಂತೆ.

ಸೋಮವಾರ ಡಾಕ್ಟರು ಕಿವಿಯ ಡಾಕ್ಟರಮ್ಮನ ಮುಂದೆ ಕೂತಿದ್ದರು. ಆಕೆ ಇವರ ಹಳೆಯ ಪೇಷಂಟು. ಕಿವಿ ಪರೀಕ್ಷೆಯ ಹಾಳೆಯ ಮೇಲಿನ ಗೆರೆ ಒಂದಷ್ಟು ದೂರ ನೆಟ್ಟಗೆ ಹೋಗಿ, ಆಮೇಲೆ ಜಾರುಬಂಡೆಯಂತೆ ಇಳಿದಿತ್ತು.

"ಇಪ್ಪತ್ತೆರಡು ವರ್ಷ ಕಿವಿ ಪಕ್ಕದಲ್ಲೇ ಡ್ರಿಲ್ಲು. ಕಿವಿಗೆ ಏನಾದ್ರೂ ಹಾಕ್ಕೋತಿದ್ರಾ?"

"ಇಲ್ಲ."

"ಆರು ತಿಂಗಳಿಗೊಂದ್ಸಲ ಬರಲ್ಲ ಅಂತ ನನ್ನ ಬೈತಿದ್ದೋರು ನೀವು," ಅಂದರು ಆಕೆ, ಸಂತೋಷವನ್ನು ಪೂರ್ತಿ ಬಚ್ಚಿಡಲಾಗದೆ. ಆಮೇಲೆ ದನಿ ತಗ್ಗಿಸಿ, "ಹೋದದ್ದು ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು. ಮೆಷಿನ್ ಹಾಕಿದ್ರೆ ಮಾತಿಗೆ ತುಂಬ ಸಹಾಯ ಆಗುತ್ತೆ" ಅಂದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಮೂರು ಜೊತೆ ಸ್ಪೀಕರುಗಳಿಗೆ ಬರೆ ಬಿದ್ದಿತ್ತು. ಡಾಕ್ಟರು ಕೋಣೆಯ ಬಾಗಿಲು ಹಾಕಿ ಆ ಕಡೆ ಹೋಗುವುದನ್ನೇ ಬಿಟ್ಟರು. ಮೂರು ದಿನ ಊಟಕ್ಕೆ ಕೂತಾಗಲೂ ತಟ್ಟೆಯ ಜೊತೆ ಮಾತ್ರ ಮಾತು.

ಗುರುವಾರ ಸಂಜೆ ಕ್ಲಿನಿಕ್ಕಿನಿಂದ ಬಂದಾಗ ಮಹಡಿಯಲ್ಲಿ ಹಾಡು ಕೇಳಿಸುತ್ತಿತ್ತು. ಅತ್ತೆ ಒಂದೊಂದೇ ಮೆಟ್ಟಿಲು ಹತ್ತಿಹೋಗಿ, ಆ ಒಂದೇ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು.

"ಬನ್ನಿ ಅಳಿಯಂದ್ರೇ. ಸ್ಟೂಲ್ ಮೇಲೆ ಕೂತ್ಕೊಳ್ಳಿ, ನನ್ನ ಮಂಡಿಗೆ ಅದು ಆಗಲ್ಲ."

ಡಾಕ್ಟರು ಕೂತರು. ಅತ್ತೆ ಲೈನು ಜೋಡಿಸುವವರ ಹಳೆಯ ದನಿಯಲ್ಲಿ ಒಂದೊಂದೇ ಹೇಳುತ್ತ ಹೋದರು. "ಈಗ ಉಸಿರು ತಗೊಂಡ್ಳು. ಪಿಟೀಲಿನೋನ ಕುರ್ಚಿ ಕಿರ್ ಅಂತು. ದೂರದಲ್ಲಿ ಯಾರೋ ಹಾಳೆ ಮಗುಚಿದ್ರು." ಡಾಕ್ಟರಿಗೆ ಅವು ಕೇಳಿಸಲಿಲ್ಲ. ಆದರೆ ಅತ್ತೆ ಬೆರಳೆತ್ತಿದ ಗಳಿಗೆಗೆ ಸರಿಯಾಗಿ ಅವು ಅಲ್ಲಿವೆ ಎಂದು ಗೊತ್ತಾಗುತ್ತಿತ್ತು. ಹಾಡು ಎಂದಿಗಿಂತ ಹತ್ತಿರ ಬಂದಂತಾಯಿತು.

"ಇನ್ನೇನೇನು ಕೇಳ್ಸಲ್ಲ ನಿಮಗೆ?" ಎಂದರು ಅತ್ತೆ.

ಡಾಕ್ಟರು, "ನಿಮ್ಮ ಮಗಳು ವರ್ಷದಿಂದ ವರ್ಷಕ್ಕೆ ಮೆತ್ತಗೆ ಮಾತಾಡ್ತಿದ್ದಾಳೆ ಅಂದ್ಕೊಂಡಿದ್ದೆ" ಅಂದರು.

ಹೆಂಡತಿ ಆಗಲೇ ಬಾಗಿಲಲ್ಲಿ ನಿಂತಿದ್ದರು. "ಗಂಡಂದಿರು ಹೀಗೇ, ಕೇಳ್ಸಿದ್ರೂ ಕೇಳ್ಸಲ್ಲ ಅಂತ ನಾನು ಸುಮ್ನಿದ್ದೆ. ನನಗಾದ್ರೂ ಹೊಳೀಬೇಕಿತ್ತು," ಎಂದು ಬಂದು ಗಂಡನ ಪಕ್ಕ ಜಮಖಾನದ ಮೇಲೆ ಕೂತರು.

ಶನಿವಾರ ಅಂಗಡಿಯವರು ಪೆಟ್ಟಿಗೆ ವಾಪಸ್ ಒಯ್ಯಲು ಆಳುಗಳ ಸಮೇತ ಬಂದರೆ, ಡಾಕ್ಟರು, "ಇರ್ಲಿ ಬಿಡಿ. ಅತ್ತೆಗೆ ಹಿಡಿಸಿದೆ" ಅಂದರು. ಬಂದ ಆಳುಗಳನ್ನು ಯಾಕೆ ಸುಮ್ಮನೆ ಕಳಿಸಬೇಕೆಂದು ಹೆಂಡತಿ ಅವರ ಕೈಯಲ್ಲಿ ಬಟ್ಟೆ ಬೀರುವನ್ನು ಮಹಡಿಗೆ ಹತ್ತಿಸಿಬಿಟ್ಟರು. ಅದು ತಿರುವಿನಲ್ಲಿ ಸಲೀಸಾಗಿ ಹೋಯಿತು.

ಮುಂದಿನ ತಿಂಗಳು ಕಿವಿಯ ಮೆಷಿನ್ ಬಂತು. ಹಾಕಿಕೊಂಡ ಮೊದಲ ದಿನ ಡಾಕ್ಟರು ಮನೆಯಿಡೀ ಸುತ್ತಿದರು. ನಲ್ಲಿ ತೊಟ್ಟಿಕ್ಕುವುದು, ಪೇಪರು ಸರಿಯುವುದು, ತಮ್ಮದೇ ಚಪ್ಪಲಿ, ಎಲ್ಲಕ್ಕೂ ನಿಂತು ನಿಂತು ಕಿವಿಗೊಟ್ಟರು. ಸಂಜೆ ಟೀ ಕುಡಿಯುತ್ತ, ಹೊಸ ಸ್ಪೀಕರಿಗೆ ಇನ್ನೂ ದಪ್ಪನೆಯ ವೈರು ಹಾಕಿಸಿದರೆ ಹೇಗೆ ಎಂದು ಹೆಂಡತಿಗೆ ವಿವರಿಸಿ, ಮಾತು ನಿಲ್ಲಿಸಿ ಕೇಳಿದರು.

"ನೀನು ಈಗ ಬಾಯಲ್ಲಿ ಲೊಚ್ ಅಂದ್ಯಲ್ಲ, ಯಾವಾಗ್ಲೂ ಹಾಗ್ ಮಾಡ್ತೀಯಾ?"

"ನೀವು ಸ್ಪೀಕರ್ ವಿಷಯ ಎತ್ತಿದಾಗೆಲ್ಲ," ಅಂದರು ಹೆಂಡತಿ. "ಐದು ವರ್ಷದಿಂದ."